ಜಂಟಿ ಕಪ್ಪೆಗೂಡು

ಎರಡನೆಯ ಕಪ್ಪೆಯನ್ನು ನಾನು ತಂದದ್ದು ಕಪ್ಪೆಯ ಮೇಲಿನ ಮಮತೆಯಿಂದ ಅಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೊಡ್ಡ ಪ್ರಾಣಿಪ್ರೇಮಿ ಅಂದುಕೊಳ್ಳುವುದು ಬೇಡ. ನಮ್ಮ ಅಂಗಳದ ನಡುವೆ ಎದ್ದ ಗೋಡೆಯಲ್ಲಿ ಎರಡು ಮೊಳದ ಒಂದು ಸಂದು ಉಳಿದಿತ್ತು. ಅದು ಮುಚ್ಚಿಹೋಗಬಾರದು ಅಂತ ಆ ಕಪ್ಪೆಯನ್ನು ತಂದೆ. ಗೋಡೆಯ ಆಚೆ ನನ್ನ ನೆಗೆಣ್ಣಿ ಇದ್ದಳು, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ. ಅವಳ ಮುಖ ನನಗೆ ಕಾಣುತ್ತಿದ್ದದ್ದು ಆ ಸಂದಿನಿಂದ ಮಾತ್ರ.

ಹದಿನೆಂಟು ವರ್ಷ ನಾವಿಬ್ಬರೂ ಶಹಾಬಾದಿನ ಆ ಮನೆಯಲ್ಲಿ ಒಂದೇ ಒಲೆಯ ಮುಂದೆ ಕೂತವರು. ನಾನು ಚಿತ್ತಾಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಗೆ ಅಟೆಂಡರ್. ಬೆಳಿಗ್ಗೆ ಬಸ್ಸು ಹಿಡಿದರೆ ವಾಡಿ, ರಾವೂರ ದಾಟಿ ಚಿತ್ತಾಪುರ. ಸಂಜೆ ಮತ್ತೆ ಅದೇ ದಾರಿ, ಅದೇ ಸಿಮೆಂಟಿನ ಧೂಳು, ಕಲ್ಲಿನ ಲಾರಿಗಳ ಹಿಂದೆ ತೆವಳುವ ಅದೇ ಬಸ್ಸು. ನನ್ನ ಡಬ್ಬಿ ಕಟ್ಟುತ್ತಿದ್ದವಳು ನೆಗೆಣ್ಣಿ. ನಾನು ಬರುವಷ್ಟರಲ್ಲಿ ಕಾಲಿಗೆ ಬಿಸಿನೀರು ಕಾಯಿಸಿಡುತ್ತಿದ್ದವಳೂ ಅವಳೇ. ನನಗೆ ಟೈಫಾಯ್ಡ್ ಆದ ವರ್ಷ ತಿಂಗಳುಗಟ್ಟಲೆ ನನ್ನ ತಲೆ ಬಾಚಿ, ಹೇನು ಸಹ ತೆಗೆದಿದ್ದಾಳೆ, ಇನ್ನೇನು ಹೇಳಲಿ. ನನಗೆ ಒಡಹುಟ್ಟಿದ ತಂಗಿ ಇಲ್ಲ. ಇದ್ದಿದ್ದರೂ ಇಷ್ಟು ಮಾಡುತ್ತಿದ್ದಳು ಅಂತ ನನಗಂತೂ ನಂಬಿಕೆಯಿಲ್ಲ.

ಅತ್ತೆ ತೀರಿಕೊಂಡ ಮೇಲೆ ಅಣ್ಣ ತಮ್ಮ ಬೇರೆಯಾದರು. ಕಾರಣ ಕೇಳಬೇಡಿ. ನನ್ನ ಗಂಡ ಒಂದು ಹೇಳುತ್ತಾನೆ, ಮೈದುನ ಇನ್ನೊಂದು ಹೇಳುತ್ತಾನೆ, ಎರಡನ್ನೂ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ. ಪಾಲು ಮಾಡುವುದಕ್ಕೆ ನಮ್ಮ ಕಡೆ ವಾಟ್ನಿ ಅನ್ನುತ್ತಾರೆ. ನಾಲ್ಕು ಜನ ಹಿರಿಯರು ಬಂದು, ಅಂಗಳದಲ್ಲಿ ಜಮಖಾನೆ ಹಾಸಿಕೊಂಡು ಕೂತು, ಚಹಾದ ಮೇಲೆ ಚಹಾ ಕುಡಿಯುತ್ತಾ ಮನೆಯನ್ನು ಎರಡು ಮಾಡಿದರು. ಮೈದುನ ಭಂಕೂರಿನ ದಾರಿಯಲ್ಲಿರುವ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಯಾರ್ಡೊಂದರಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಒಬ್ಬರ ಕಲ್ಲು ಇನ್ನೊಬ್ಬರ ಕಲ್ಲಿನಲ್ಲಿ ಬೆರೆಯಬಾರದು ಅಂತ ಅಂಚಿಗೆ ಬಣ್ಣದ ಗುರುತು ಹಾಕುವುದು ರೂಢಿ. ಅದೇ ರೂಢಿಯಂತೆ ಅವನು ವಾಟ್ನಿಯ ದಿನ ಎರಡು ಡಬ್ಬಿ ಆಯಿಲ್ ಪೇಂಟ್ ತಂದ. ನಮಗೆ ಕೆಂಪು, ಅವರಿಗೆ ನೀಲಿ. ಏಣಿ, ಹಾರೆ, ಹಂಡೆ, ಮಂಚದ ಕಾಲು, ಒಳಕಲ್ಲು, ಎಲ್ಲಕ್ಕೂ ಚುಕ್ಕೆ ಬಿತ್ತು. ಒಲೆಯ ಮೇಲಿಡುವ ಹಂಚಿಗೆ ಯಾರಾದರೂ ಪೇಂಟ್ ಹಚ್ಚುತ್ತಾರೇನು ಅಂತ ನಾನು ಕೂಗಾಡಿದೆ. ಹಿಡಿಕೆಗೆ ಹಚ್ಚಿದರು.

ಕೊನೆಗೆ ಉಳಿದದ್ದು ಕಪ್ಪೆಗೂಡು. ಅದರ ಕಥೆ ಮೂರು ವರ್ಷ ಹಿಂದಿನದು. ನಮ್ಮ ಬಚ್ಚಲಲ್ಲಿ ಹಂಡೆಯ ಹಿಂದೆ ಒಂದು ಮರಗಪ್ಪೆ ಸೇರಿಕೊಂಡಿತ್ತು. ಒಣಮಣ್ಣಿನ ಬಣ್ಣ, ಬೆರಳಿನ ತುದಿಗೆಲ್ಲ ಗುಂಡು ಬಿಲ್ಲೆ, ಗೋಡೆಗೆ ಅಂಟಿತೆಂದರೆ ನಾವು ಸ್ನಾನ ಮುಗಿಸಿ ಹೋಗುವವರೆಗೂ ಅಲುಗದು. ಒಂದು ದಿನ ಬೆಕ್ಕು ಅದನ್ನು ಬಾಯಲ್ಲಿ ಹಿಡಿಯಿತು. ನೆಗೆಣ್ಣಿ ಕಸಬರಿಗೆ ಹಿಡಿದು ಬೆಕ್ಕಿನ ಹಿಂದೆ ಮಾಳಿಗೆಯವರೆಗೂ ಓಡಿ ಬಿಡಿಸಿಕೊಂಡು ಬಂದಳು. ಹೊಟ್ಟೆಯ ಮೇಲೆ ಹಲ್ಲಿನ ಗಾಯ. ಮಾಯುವವರೆಗೆ ಇರಲಿ ಅಂತ ಒಂದು ಬಕೀಟಿನಲ್ಲಿಟ್ಟು ನೋಡಿಕೊಂಡಳು. ಮಾಯ್ದ ಮೇಲೆ ಬಿಟ್ಟುಬಿಡು ಅಂದೆ. ಬಿಟ್ಟಳು. ಮರುದಿನ ಅಡುಗೆಮನೆಯ ಕಿಟಕಿಯ ಜಾಲರಿಗೆ ಬಂದು ಅಂಟಿಕೊಂಡಿತ್ತು.

ಆಗ ಮೈದುನ ಯಾರ್ಡಿನಿಂದ ಪರಸಿಯ ತುಂಡುಗಳನ್ನು ತಂದು ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಗೂಡು ಮಾಡಿಕೊಟ್ಟ. ತಳಕ್ಕೆ ಮತ್ತು ಎರಡು ಬದಿಗೆ ಕಲ್ಲು, ಒಂದು ಕಡೆ ಹಳೆಯ ಶೋಕೇಸಿನ ಗಾಜು, ಇನ್ನೊಂದು ಕಡೆ ಸೊಳ್ಳೆ ಜಾಲರಿಯ ಬಾಗಿಲು, ಮೇಲೆ ಎತ್ತಿ ತೆಗೆಯುವ ಒಂದು ಹಲಗೆಯ ಮುಚ್ಚಳ. ಒಳಗೆ ಮನಿಪ್ಲಾಂಟು, ಲಿಂಬೆ ಗಿಡದ ಒಂದು ಟೊಂಗೆ, ಒಂದು ನೀರಿನ ಬಟ್ಟಲು. ನೆಗೆಣ್ಣಿ ಸಂಜೆ ದೀಪ ಹಚ್ಚಿ, ಟ್ಯೂಬ್‌ಲೈಟಿಗೆ ಮುತ್ತುವ ಹುಳ, ಮಿಡತೆ, ಸಣ್ಣ ಜಿರಲೆ ಹಿಡಿದು ತಂದು ಬಿಡುತ್ತಿದ್ದಳು. ಕೈಯನ್ನು ನೀರಲ್ಲಿ ಅದ್ದಿ ಒಡ್ಡಿದರೆ ಅಂಗೈ ಮೇಲೆ ಬಂದು ಕೂಡುವಷ್ಟು ಅದು ಅವಳಿಗೆ ಹೊಂದಿಕೊಂಡಿತ್ತು. ಅದಕ್ಕೆ ಅವಳು ಹೆಸರಿಟ್ಟಿರಲಿಲ್ಲ. "ನಮ್ಮಾಕಿ" ಅನ್ನುತ್ತಿದ್ದಳು, ಅಷ್ಟೆ.

ಹಿರಿಯರು ಹಗ್ಗ ಹಿಡಿದು ಗೋಡೆಯ ಗೆರೆ ಎಳೆದಾಗ ಆ ಗೆರೆ ನೆಟ್ಟಗೆ ಕಪ್ಪೆಗೂಡಿನ ಕಟ್ಟೆಯ ಮೇಲೆ ಹಾಯಿತು. "ಕಪ್ಪಿ ಸಾಕಿದಾಕಿ ಸಣ್ಣ ಸೊಸಿ. ಕಪ್ಪಿ ಅವರದು. ಗೂಡು ಎತ್ತಿ ಆಚಿಗಿ ಇಡ್ರಿ, ಗ್ವಾಡಿ ಕೂಡಿಸಿಬಿಡ್ರಿ" ಅಂದರು ಒಬ್ಬ ಹಿರಿಯರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೆಗೆಣ್ಣಿ ನನ್ನ ಸೆರಗಿನ ತುದಿ ಹಿಡಿದುಕೊಂಡು ಹಿಂದೆ ನಿಂತಿದ್ದಳು. ಅವರ ಮನೆಯ ಬಾಗಿಲು ಹಿಂದಿನ ಓಣಿಗೆ ಅಂತ ಆಗಲೇ ತೀರ್ಮಾನವಾಗಿತ್ತು. ಇನ್ನು ಆ ಮನೆಗೆ ಕಾಲಿಡಕೂಡದು ಅಂತ ನನ್ನ ಗಂಡ ನನಗೆ, ಮೈದುನ ಅವಳಿಗೆ ತಾಕೀತು ಮಾಡಿದ್ದೂ ಆಗಿತ್ತು. ಗೋಡೆ ಕೂಡಿದರೆ ಮುಗಿಯಿತು. ಅದೇ ಹಿರಿಯರು ಸ್ವಲ್ಪ ಹೊತ್ತಿನ ಮುಂಚೆ ತೆಂಗಳಿಯ ಹೊಲದ ಬಾವಿಯ ಮಾತು ಬಂದಾಗ, ಜಂಟಿ ಬಾವಿ ಇದ್ದರೆ ಎರಡೂ ಕಡೆಯಿಂದ ದಾರಿ ಬಿಡಲೇಬೇಕು, ಯಾರೂ ಮುಚ್ಚುವ ಹಾಗಿಲ್ಲ ಅಂದಿದ್ದರು. ಅದು ನನ್ನ ಕಿವಿಯಲ್ಲಿತ್ತು. ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ.

"ಅದರಾಗ ನಮ್ಮದೂ ಒಂದು ಕಪ್ಪಿ ಅದರಿ" ಅಂದುಬಿಟ್ಟೆ.

ಎಲ್ಲರೂ ತಿರುಗಿ ನೋಡಿದರು. ನನ್ನ ಗಂಡನ ಮುಖವನ್ನಂತೂ ನೋಡಬೇಕಿತ್ತು.

"ಎಲ್ಲಿ ಅದವ್ವಾ? ನನಗ ಒಂದೇ ಕಾಣ್ಲಿಕತ್ತದ" ಅಂದರು ಹಿರಿಯರು.

"ಕಾಲೇಜಿನ್ಯಾಗ ಅದರಿ. ತರೂದು ಬಾಕಿ ಅದ, ಅಷ್ಟೇ. ಎರಡೂ ಮನಿಯವು ಒಳಗ ಇದ್ದವು ಅಂದ್ರ ಗೂಡು ಜಂಟಿ ಆತಲ್ರಿ. ನೀವೇ ಹೇಳೀರಿ, ಜಂಟಿ ಬಾವಿಗಿ ಎರಡೂ ಕಡಿಂದ ದಾರಿ ಬೇಕು ಅಂತ."

ಹಿರಿಯರು ಜೋರಾಗಿ ನಕ್ಕರು. ಬೆಳಗಿನಿಂದ ಆ ಜಮಖಾನೆಯ ಮೇಲೆ ಯಾರೂ ನಕ್ಕಿರಲಿಲ್ಲ. "ಖರೇ ಅದ ನೋಡಪಾ, ನಿಮ್ಮ ವೈನಿ ಹೇಳೂದು" ಅಂತ ಮೈದುನನ ಕಡೆ ನೋಡಿ ಅಂದರು. "ಎರಡೂ ಮನಿ ಕಪ್ಪಿ ಇರೂತನಕ ಸಂದು ಇರಲಿ. ಇಲ್ಲಂದ್ರ ಮುಚ್ಚಿಬಿಡ್ರಿ."

ಹೀಗೆ ಕಟ್ಟೆಯ ಎರಡೂ ಬದಿಗೆ ಗೋಡೆ ಎದ್ದು, ಕಟ್ಟೆಯ ಮೇಲೆ ಮಾತ್ರ ಸಂದು ಉಳಿಯಿತು. ಗೂಡು ಅಡ್ಡ ಇದ್ದದ್ದರಿಂದ ಮನುಷ್ಯರು ದಾಟುವಂತಿರಲಿಲ್ಲ ಆ ಸಂದು. ಗೂಡಿನ ಮೇಲಿನಿಂದ ಮುಖ ಕಾಣುತ್ತಿತ್ತು, ಕೈ ದಾಟುತ್ತಿತ್ತು. ನಮಗೆ ಅಷ್ಟು ಸಾಕಾಗಿತ್ತು. ಗಂಡಸರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಆಚೆಯಿಂದ ಶೇಂಗಾ ಚಟ್ನಿ ಬರುತ್ತಿತ್ತು, ಈಚೆಯಿಂದ ಎರಡು ಬಿಸಿ ರೊಟ್ಟಿ ಹೋಗುತ್ತಿತ್ತು. ಸೊಂಟನೋವಿನ ಗುಳಿಗೆ, ಸೂಜಿ ದಾರ, ಓಣಿಯ ಸುದ್ದಿ, ಎಲ್ಲವೂ ಕಪ್ಪೆಯ ತಲೆಯ ಮೇಲಿಂದಲೇ ಓಡಾಡಿದವು.

ಆದರೆ ಈಗ ಕಪ್ಪೆ ತರಬೇಕಲ್ಲ! ಕಾಲೇಜಿನ ನೀರಿನ ಟಾಕಿಯ ಹಿಂದೆ ತೇವದ ಗೋಡೆಯ ಮೇಲೆ ಅಂಥವು ಇರುವುದನ್ನು ನೋಡಿದ್ದೆ. ಮಳೆ ಶುರುವಾದ ವಾರ ಹಳೆಯದರಷ್ಟೇ ಗಾತ್ರದ ಒಂದನ್ನು ಹಿಡಿದೆ. ಪ್ರಾಣಿಶಾಸ್ತ್ರದ ಮೇಡಂಗೆ ಹೇಳಿದೆ. ಅವರು ನಗಲಿಲ್ಲ, ಅದಕ್ಕೇ ಅವರೆಂದರೆ ನನಗೆ ಗೌರವ. "ಗಾತ್ರ ಸರಿ ನೋಡಿಕೊಂಡಿರಿ, ಛಲೋ ಆತು. ಸಣ್ಣದಿದ್ರ ದೊಡ್ಡದು ನುಂಗಿಬಿಡ್ತದ. ಆದ್ರ ಸೀದಾ ಒಯ್ದು ಒಳಗ ಬಿಡಬ್ಯಾಡ್ರಿ. ಒಂದು ತಿಂಗಳು ಬ್ಯಾರೆ ಇಡ್ರಿ, ರೋಗ ಗೀಗ ಇದ್ರ ಗೊತ್ತಾಗ್ತದ" ಅಂದರು.

ಊಟದ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒದ್ದೆ ಬಟ್ಟೆ ಹಾಸಿ, ಅದರಲ್ಲಿ ಕೂಡಿಸಿಕೊಂಡು ಬಸ್ಸು ಹತ್ತಿದೆ. ರಾವೂರಿನಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸು ಡಬ್ಬಿಯನ್ನೇ ನೋಡುತ್ತಿದ್ದಳು. "ಯಾಕ್ರೀ ಅಕ್ಕಾರ, ಡಬ್ಬಿಗಿ ತೂತು ಹೊಡ್ದೀರಿ? ಪಲ್ಯ ಹಳಸ್ತದೇನು?" ಅಂದಳು. ಹೌದು ಅಂದೆ. ಅಷ್ಟರಲ್ಲಿ ಪಲ್ಯ ಒಳಗಿನಿಂದ ಟಣ್ ಅಂತ ಮುಚ್ಚಳಕ್ಕೆ ಹಾರಿತು. ಆಕೆ ಎದ್ದು ಹಿಂದಿನ ಸೀಟಿಗೆ ಹೋದಳು. ವಾಡಿಯವರೆಗೆ ಕಾಲು ಚಾಚಿಕೊಂಡು ಬಂದೆ, ಕಪ್ಪೆಯಿಂದ ನನಗಾದ ಒಂದೇ ಒಂದು ಲಾಭ ಅದು.

ಆ ಒಂದು ತಿಂಗಳು ನಾನು ಸೋತು ಸುಣ್ಣವಾದೆ. ಬೆಳಿಗ್ಗೆ ಎದ್ದು ಕಪ್ಪೆಯ ಬಕೀಟು ತೊಳೆಯಬೇಕು. ನಲ್ಲಿ ನೀರಲ್ಲಿ ಔಷಧಿ ಹಾಕಿರುತ್ತಾರೆ, ಅದನ್ನು ಒಂದು ದಿನ ಇಟ್ಟು ಆಮೇಲೆ ಬಳಸಬೇಕು. ಹುಳ ಹಿಡಿಯಬೇಕು. ಹಳೆಯ ಕಪ್ಪೆಯ ಬಟ್ಟಲು ಮುಟ್ಟಿದ ಕೈಯಲ್ಲಿ ಹೊಸದರದ್ದು ಮುಟ್ಟಬಾರದು. ಇಷ್ಟು ಮಾಡಿ, ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಓಡಬೇಕು. ನನ್ನ ಡಬ್ಬಿಯನ್ನು ಈಗ ನಾನೇ ಕಟ್ಟಿಕೊಳ್ಳಬೇಕಿತ್ತಲ್ಲ. ಎಷ್ಟೋ ಸಲ ಈ ಕಪ್ಪೆಯನ್ನು ಕಾಗಿಣಾ ಹೊಳೆಗೆ ಎಸೆದು ಬರಲೇ ಅನ್ನಿಸಿದ್ದುಂಟು. ಸಂಜೆ ಸಂದಿನಿಂದ ನೆಗೆಣ್ಣಿ ಇಣುಕಿ, "ಕಾಲೇಜಿನಾಕಿ ಹ್ಯಾಂಗ ಅದಾಳ?" ಅಂತ ಕೇಳುವಳು. "ನಾನೋ, ಅದೋ?" ಅಂತ ನಾನು. "ಇಬ್ಬರೂ ಒಂದೇ ನಮೂನಿ ಕಾಣ್ತೀರಿ ಬಿಡು, ಕಣ್ಣು ಹೊರಗ ಬಂದಾವ" ಅಂತ ಅವಳು. ಆ ನಗುವಿಗಾಗಿ ಬಕೀಟು ತೊಳೆದೆ.

ತಿಂಗಳಾದ ಮೇಲೆ ಕೂಡಿಸಿದೆವು. ಮೇಡಂ ಹೇಳಿದಂತೆ ಮೊದಲು ಗೂಡನ್ನು ಖಾಲಿ ಮಾಡಿ, ಗಿಡ, ಟೊಂಗೆ, ಬಟ್ಟಲು ಎಲ್ಲದರ ಜಾಗ ಬದಲಿಸಿದೆವು. ಹಾಗೆ ಮಾಡಿದರೆ ಹಳೆಯದಕ್ಕೂ ಅದು ಹೊಸ ಮನೆಯಾಗುತ್ತದೆ, ಇದು ನನ್ನದು ಅನ್ನುವ ಹಟ ಇರುವುದಿಲ್ಲವಂತೆ. ಅವಳು ಆಚೆ ಜಾಲರಿಯ ಬಾಗಿಲಿನಿಂದ, ನಾನು ಈಚೆ ಗಾಜಿನ ಕಡೆ ಮುಚ್ಚಳ ಎತ್ತಿ ಕೈ ಹಾಕಿದೆವು. ಇನ್ನೊಂದು ನೀರಿನ ಬಟ್ಟಲು, ಅಡಗಿಕೊಳ್ಳಲು ಇನ್ನೊಂದು ಒಡೆದ ಕುಡಿಕೆ ಇಟ್ಟೆವು. ಮೊದಲ ಸಂಜೆ ಹಳೆಯದು ಮೈ ಉಬ್ಬಿಸಿಕೊಂಡು ಮೂಲೆ ಹಿಡಿಯಿತು. ಹೊಸದು ಬುದ್ಧಿಯಿಲ್ಲದ್ದು, ಸೀದಾ ಅದರ ತಲೆಯ ಮೇಲೆ ಕಾಲಿಟ್ಟು ಹತ್ತಿಹೋಯಿತು. ಎರಡನೆಯ ದಿನ ಒಂದೇ ಹುಳಕ್ಕೆ ಎರಡೂ ಹಾರಿ, ಹಳೆಯದು ಹೊಸದರ ಕಾಲನ್ನೇ ಬಾಯಿಗೆ ಹಾಕಿಕೊಂಡಿತು. "ಬಿಡ, ಬಿಡ, ಅಕ್ಕನ ಮನ್ಯಾಕಿ ಅದು!" ಅಂತ ನೆಗೆಣ್ಣಿ ಚೀರಿದಳು. ಬಿಟ್ಟಿತು. ಆಮೇಲೆ ಬೇರೆ ಬೇರೆ ಮೂಲೆಯಲ್ಲಿ ಉಣಿಸಿದೆವು. ವಾರ ಕಳೆಯುವಷ್ಟರಲ್ಲಿ ಎರಡೂ ಗಾಜಿಗೆ ಪಕ್ಕಪಕ್ಕ ಅಂಟಿಕೊಂಡು ಹಗಲೆಲ್ಲ ಮಲಗತೊಡಗಿದವು. ನನ್ನ ಕಡೆಗೆ ಎರಡು ಬಿಳಿ ಹೊಟ್ಟೆ ಕಾಣುತ್ತಿದ್ದವು. ಕಾಲೇಜಿನಿಂದ ಬಂದು ಅದನ್ನು ನೋಡಿದರೆ ನನಗೆ ಸಮಾಧಾನವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಎಲ್ಲ ಸರಿಹೋಯಿತು ಅನ್ನುವಾಗ ಗಂಡಸರು ಗೂಡಿನ ಕಡೆ ಬಂದರು. ಶ್ರಾವಣದ ಒಂದು ಸಂಜೆ. ಅವತ್ತು ಕಾಲೇಜಿನಲ್ಲಿ ತಪಾಸಣೆ ಇತ್ತು. ಬೆಳಗಿನಿಂದ ಗಾಜಿನ ಭರಣಿಗಳನ್ನು ಇಳಿಸಿ, ಒರೆಸಿ, ಮತ್ತೆ ಏರಿಸಿ ನನ್ನ ಭುಜ ಬಿದ್ದುಹೋಗಿದ್ದವು. ವಾಡಿಯಲ್ಲಿ ಬಸ್ಸು ಕೆಟ್ಟು ಒಂದು ತಾಸು ಮಳೆಯಲ್ಲಿ ನಿಂತಿದ್ದೆ. ಮನೆಗೆ ಬಂದರೆ ಸಂದಿನ ಈಚೆ ನನ್ನ ಗಂಡ, ಆಚೆ ಮೈದುನ. ನಾಲ್ಕು ತಿಂಗಳು ಮಾತು ಬಿಟ್ಟಿದ್ದ ಅಣ್ಣ ತಮ್ಮ ಕಪ್ಪೆಗಾಗಿ ಬಾಯಿಗೆ ಬಂದಂತೆ ಮಾತಾಡುತ್ತಿದ್ದರು. ಎರಡೂ ನಮ್ಮವೇ ಇದ್ದ ಹಾಗೆ ಕಾಣುತ್ತವೆ, ನಿಮ್ಮದು ಯಾವುದು ತೋರಿಸಿ ಅಂತ ಮೈದುನ. ತೋರಿಸುವುದೇನು, ನಿನ್ನದೇ ಎಂದೋ ಸತ್ತು ಈ ಎರಡೂ ನಮ್ಮವೇ ಇರಬಹುದು ಅಂತ ನನ್ನ ಗಂಡ. ನಮಗಿಬ್ಬರಿಗೆ ಗೊತ್ತಿತ್ತು, ಹಳೆಯದರ ತಲೆ ಜರಾ ಅಗಲ. ಗಂಡಸರಿಗೆ ಅದು ಕಾಣುವುದಿಲ್ಲ, ಹೇಳಿದರೂ ನಂಬುವುದಿಲ್ಲ.

ಮೈದುನ ಒಳಗೆ ಹೋಗಿ ಪೇಂಟಿನ ಎರಡು ಡಬ್ಬಿ ತಂದ. "ಎಲ್ಲಾದಕ್ಕ ಹಚ್ಚೀವಿ, ಇದಕ್ಕೂ ಹಚ್ಚಿಬಿಡೂಣ. ನಾಳಿ ತಕರಾರು ಬ್ಯಾಡ" ಅಂದ.

ನೆಗೆಣ್ಣಿ ಅಡ್ಡ ಬಂದಳು. "ಏನಾರ ಆಗ್ತದ್ರಿ ಅದಕ, ಬ್ಯಾಡ್ರಿ" ಅಂದಳು. ಆಗ ನನ್ನ ಗಂಡ ನನ್ನ ಕಡೆ ತಿರುಗಿ, "ನೀ ಕಪ್ಪಿ ಕೊಯ್ಯೂ ಕಾಲೇಜಿನ್ಯಾಗ ಇರಾಕಿ. ನೀನೇ ಹೇಳು. ಹಚ್ಚಿದ್ರ ಏನಾರ ಆಗ್ತದೇನು?" ಅಂದ.

ನಾನಿನ್ನೂ ಚಪ್ಪಲಿ ಸಹ ಬಿಟ್ಟಿರಲಿಲ್ಲ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡಿತ್ತು. ಇಪ್ಪತ್ತು ವರ್ಷದಿಂದ ಪ್ರತಿ ವರ್ಷ ಜುಲೈನಲ್ಲಿ ಮೇಡಂ ಹೊಸ ಹುಡುಗರಿಗೆ ಪಾಠ ಮಾಡುವಾಗ ನಾನು ಹಿಂದಿನ ತೊಟ್ಟಿಯಲ್ಲಿ ಗಾಜಿನ ತಟ್ಟೆ ತೊಳೆಯುತ್ತಾ ಕೇಳಿದ ಮಾತು ಒಂದಿದೆ: ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಅದರ ಮೈಗೆ ಏನೂ ಹಚ್ಚಬಾರದು, ಸಾಬೂನಿನ ಕೈ ಸಹ ತಾಗಬಾರದು. ನನಗೆ ಅದು ನಿದ್ದೆಯಲ್ಲೂ ಬರುತ್ತದೆ. ಆ ಹೊತ್ತಿಗೂ ಬಂತು. ಬಾಯಿ ತೆರೆದು ಹೇಳಿದ್ದರೆ ಇನ್ನೂ ಅರ್ಧ ತಾಸು ಜಗಳ. ನನಗೆ ಒಂದು ಲೋಟ ಚಹಾ ಬೇಕಿತ್ತು, ಕಾಲು ಚಾಚಿ ಕೂಡುವುದು ಬೇಕಿತ್ತು, ಅವರಿಬ್ಬರ ದನಿ ನಿಲ್ಲುವುದು ಬೇಕಿತ್ತು.

"ಏನಾಗಂಗಿಲ್ಲ. ಹಚ್ಚಿಬಿಡ್ರಿ" ಅಂದೆ.

"ಅಕ್ಕ ಹೇಳ್ಯಾಳಂದ್ರ ಆತು" ಅಂದಳು ನೆಗೆಣ್ಣಿ. ಅವಳೇ ಕೈ ಒದ್ದೆ ಮಾಡಿಕೊಂಡು ನಮ್ಮಾಕಿಯನ್ನು ಅಂಗೈ ಮೇಲೆ ಕೂಡಿಸಿಕೊಂಡಳು. ಅದು ಎಂದಿನಂತೆ ಸುಮ್ಮನೆ ಕೂತಿತು. ಮೈದುನ ಕುಂಚದಿಂದ ಬೆನ್ನಿನ ನಡುವೆ ನೀಲಿ ಬೊಟ್ಟು ಇಟ್ಟ, ಕಲ್ಲಿಗೆ ಇಡುವಷ್ಟೇ ದೊಡ್ಡದು. ಹೊಸದನ್ನು ನಾನು ಹಿಡಿದೆ. ಅದು ಒದ್ದಾಡಿ ಜಿಗಿದದ್ದಕ್ಕೆ ಕೆಂಪು ಬರೇ ಹಿಂದಿನ ತೊಡೆಗೆ ಒಂದು ಗೆರೆಯಷ್ಟು ತಾಗಿತು. ಕಾಣುತ್ತದೆ, ಸಾಕು ಅಂದರು. ಗಂಡಸರು ಒಳಗೆ ಹೋದರು. ನಾನು ಚಹಾ ಕುಡಿದೆ.

ನಾಲ್ಕನೆಯ ದಿನ ಹೊಸದು ಮೈಯ ತೆಳ್ಳಗಿನ ಪೊರೆಯನ್ನು ಕಾಲಿನಿಂದ ಎಳೆದೆಳೆದು ಕಳಚಿ, ತಾನೇ ತಿಂದುಬಿಟ್ಟಿತು. ಅದರ ಜೊತೆ ಕೆಂಪು ಗೆರೆಯೂ ಹೋಯಿತು. ಹಳೆಯದಕ್ಕೆ ಪೊರೆ ಬಿಡಲಾಗಲಿಲ್ಲ. ಬೆನ್ನಿನ ಮೇಲೆ ಬಣ್ಣ ಗಟ್ಟಿಯಾಗಿ ಕೂತಿತ್ತು, ಸುತ್ತಲಿನ ಚರ್ಮ ಕೆಂಪಾಗಿ ಸುಕ್ಕುಗಟ್ಟಿತ್ತು. ಹುಳ ಬಿಟ್ಟರೆ ನೋಡುತ್ತಿರಲಿಲ್ಲ. ಹಗಲೂ ನೀರಿ‌ನ ಬಟ್ಟಲಲ್ಲೇ ಕೂತಿರುತ್ತಿತ್ತು. ಮೇಡಂಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ನೀವು ಇದ್ದೂ ಹಚ್ಚಿದ್ರೇನು?" ಅಂತ ಒಂದೇ ಮಾತು ಕೇಳಿದರು. ಆಮೇಲೆ, "ಕಾಯಿಸಿ ಆರಿಸಿದ ನೀರಾಗ ಹತ್ತಿ ಅದ್ದಿ ಮೆಲ್ಲಕ ಒತ್ತಿ ನೋಡ್ರಿ. ಬಣ್ಣ ಬಿಡಿಸೂ ಎಣ್ಣಿ ಮಾತ್ರ ಮುಟ್ಟಿಸಬ್ಯಾಡ್ರಿ" ಅಂದರು.

ನಾವಿಬ್ಬರೂ ಸಂದಿನ ಆಚೆ ಈಚೆ ನಿಂತು ಹತ್ತಿ ಒತ್ತಿದೆವು. ಅವಳು ಹಿಡಿದಿರುತ್ತಿದ್ದಳು, ನಾನು ಒತ್ತುತ್ತಿದ್ದೆ. ನೀಲಿಯ ಒಂದು ಚೂರು ಎದ್ದಿತು, ಜೊತೆಗೆ ಚರ್ಮವೂ ಎದ್ದಿತು. ಎಂಟನೆಯ ದಿನ ಸಂಜೆ ನಾನು ಬಂದಾಗ ಅವಳು ಗೂಡಿನ ಹತ್ತಿರವೇ ನಿಂತಿದ್ದಳು, ಕೈಯಲ್ಲಿ ಅದನ್ನು ಹಿಡಿದುಕೊಂಡು. ಅದರ ಕಾಲು ನೆಟ್ಟಗೆ ಚಾಚಿಕೊಂಡಿದ್ದವು. ಅವಳು ಅಳುತ್ತಿರಲಿಲ್ಲ. ಅತ್ತು ಮುಗಿಸಿದ್ದಳು.

"ಹೋತು ಅಕ್ಕಾ" ಅಂದಳು. "ಇರಲಿ. ಯಾರಿಗಿ ಏನಂತ ಅನ್ಲಿ? ಅವರಿಗಿ ಏನ್ ಗೊತ್ತಿತ್ತು, ನಿನಗ ಏನ್ ಗೊತ್ತಿತ್ತು. ಗೊತ್ತಿಲ್ಲದ ಆತು."

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಈಗಲೂ ಬಸ್ಸಿನಲ್ಲಿ ಕೂತಾಗ ಅದನ್ನೇ ನೆನೆಯುತ್ತೇನೆ. ಒಂದು ಹೂಂ ಅಂದಿದ್ದರೆ ಸಾಕಿತ್ತು. ಆದರೆ ಹದಿನೆಂಟು ವರ್ಷದಲ್ಲಿ ನಾನು ಅವಳಿಗೆ ಸುಳ್ಳು ಹೇಳಿದ್ದು ಆ ಒಂದೇ ಸಲ, ಆ ಪೇಂಟಿನ ಸಂಜೆ. ಅವಳು ತಾನಾಗಿ ಅದನ್ನು ಮನ್ನಿಸುತ್ತಿದ್ದರೆ ನನಗೆ ತಡೆಯಲಾಗಲಿಲ್ಲ.

"ನನಗ ಗೊತ್ತಿತ್ತು" ಅಂದೆ.

"ಏನ್?"

"ಹಚ್ಚಬಾರದು ಅಂತ ಗೊತ್ತಿತ್ತು. ಅದು ಚರ್ಮದಿಂದ ಉಸಿರಾಡ್ತದ. ಅವತ್ತು ಭಾಳ ದಣಿದಿದ್ದೆ. ಜಗಳ ನಿಂತ್ರ ಸಾಕಾಗಿತ್ತು."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಅವಳ ಬಾಯಿ ನನಗೆ ಗೊತ್ತು, ಬೈದರೆ ಓಣಿಗೆಲ್ಲ ಕೇಳಬೇಕು, ಆಮೇಲೆ ಅರ್ಧ ತಾಸಿಗೆ ತಾನೇ ಚಹಾ ಮಾಡಿ ತರುವವಳು. "ನಾನೂ ದಣಿದಿದ್ದೆ, ಅಕ್ಕಾ" ಅಂದಳು. ಅಷ್ಟೆ ಅಂದು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಎಲ್ಲಿ ಹೂಳಿದಳೋ ನನಗೆ ಹೇಳಲಿಲ್ಲ. ನಾನು ಬಗ್ಗಿ ಗೂಡಿನೊಳಗೆ ನೋಡಿದೆ. ಹೊಸದು ಟೊಂಗೆಯ ಮೇಲೆ ಆರಾಮಾಗಿ ಕೂತಿತ್ತು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು, ಪಾಪ ಅದು ಏನು ಮಾಡಿತ್ತು.

ಸುದ್ದಿ ತಿಳಿದು ಮೈದುನನಿಗೂ ಕೆಟ್ಟದೆನಿಸಿತ್ತು. ಎರಡು ದಿನ ಬಿಟ್ಟು ಅವನು ಸಂದಿನ ಹತ್ತಿರ ಹೆಂಡತಿಗೆ ಹೇಳುವುದು ನನಗೆ ಕೇಳಿಸಿತು. "ಯಾರ್ಡಿನ ನೀರಿನ ಹೊಂಡದಾಗ ಅಂಥವು ಹತ್ತು ಅದಾವ. ನಾಳಿ ಒಂದು ತರ್ತೀನಿ. ಗುರುತು ಗಿರುತು ಏನೂ ಬ್ಯಾಡ." ನನ್ನ ಗಂಡ ಸಹ ಒಳಗಿನಿಂದ, "ತರ್ಲಿ ಬಿಡು, ಯಾರು ಬ್ಯಾಡಂತಾರ" ಅಂತ ಗೊಣಗಿದ. ಅಣ್ಣ ತಮ್ಮ ಇಬ್ಬರೂ ಒಪ್ಪಿದ್ದು ಆ ವರ್ಷದಲ್ಲಿ ಅದೊಂದೇ ಮಾತು.

"ಬ್ಯಾಡ" ಅಂದಳು ನೆಗೆಣ್ಣಿ. "ಹಿರೇರು ಹೇಳ್ಯಾರಲ್ಲ. ನಮ್ಮದು ಇಲ್ಲ ಈಗ. ಗೌಂಡಿಗಿ ಹೇಳ್ರಿ, ಗ್ವಾಡಿ ಕೂಡ್ಸಿಬಿಡಲಿ."

ಸಂದಿನಿಂದ ಅವಳನ್ನು ಕರೆದೆ. ಮರುದಿನವೂ ಕರೆದೆ. ಮೂರನೆಯ ದಿನ ಶೇಂಗಾ ಹೋಳಿಗೆ ಮಾಡಿ ತಟ್ಟೆಯನ್ನು ಗೂಡಿನ ಮೇಲೆ ಇಟ್ಟೆ. ಸಂಜೆಯವರೆಗೂ ಅಲ್ಲೇ ಇತ್ತು, ಇರುವೆ ಮುತ್ತಿದವು. ನಾನು ಕ್ಷಮಿಸು ಅಂತ ಹೇಳಲು ಅವಳು ಎದುರಿಗೆ ಬರಬೇಕಲ್ಲ. ಓಣಿ ಸುತ್ತಿ ಅವರ ಬಾಗಿಲಿಗೆ ಹೋಗೋಣ ಅಂತ ಒಂದು ಸಲ ಹೊರಟೆ, ಅರ್ಧಕ್ಕೆ ತಿರುಗಿ ಬಂದೆ. ಗಂಡನ ತಾಕೀತಿಗೆ ಹೆದರಿ ಅಲ್ಲ. ಅವಳು ಬಾಗಿಲು ತೆಗೆಯದಿದ್ದರೆ ಆ ಓಣಿಯಲ್ಲಿ ನಾನು ಏನಂತ ನಿಲ್ಲಲಿ?

ಉಳಿದ ಕಪ್ಪೆಯನ್ನು ಅದೇ ತೂತಿನ ಡಬ್ಬಿಯಲ್ಲಿ ಕಾಲೇಜಿಗೆ ಒಯ್ದು ಟಾಕಿಯ ಹಿಂದೆ ಬಿಟ್ಟು ಬಂದೆ. ಗೋಡೆ ಹತ್ತಿ ಹೋಯಿತು, ತಿರುಗಿಯೂ ನೋಡಲಿಲ್ಲ.

ಭಾನುವಾರ ಗೌಂಡಿ ಬಂದ. ಗೂಡು ಎತ್ತಿ ಮೂಲೆಗಿಟ್ಟರು. ನಲ್ಲಿ ನಮ್ಮ ಕಡೆಗಿತ್ತು, ಹಾಗಾಗಿ ಗಾರೆ ಕಲಸಲು ನೀರು ನಾನೇ ಹೊತ್ತು ಕೊಟ್ಟೆ, ಒಂದೊಂದೇ ಕೊಡ. ಮಧ್ಯಾಹ್ನದಷ್ಟರಲ್ಲಿ ಕಲ್ಲು ಎದೆಮಟ್ಟ ಬಂತು, ಆಮೇಲೆ ಕತ್ತಿನ ಮಟ್ಟ. ಗೌಂಡಿ ಇನ್ನೊಂದು ಕಲ್ಲು ತರಲು ಆಚೆ ಹೋದಾಗ ನಾನು ಹಸಿ ಗಾರೆಯ ಮೇಲೆ ಕೈ ಊರಿ ತುದಿಗಾಲಲ್ಲಿ ನಿಂತೆ. ಅವಳು ಅಂಗಳದಲ್ಲೇ ಇದ್ದಳು, ಸೆರಗು ಸಿಕ್ಕಿಸಿಕೊಂಡು ಗೌಂಡಿಗೆ ಕಲ್ಲು ತೋರಿಸುತ್ತಿದ್ದಳು. ನನ್ನನ್ನು ಕಂಡು ಹತ್ತಿರ ಬಂದಳು. ಮುಖದಲ್ಲಿ ಸಿಟ್ಟು ಇರಲಿಲ್ಲ, ಕಣ್ಣ ಕೆಳಗೆ ಕಪ್ಪಾಗಿತ್ತು, ನನ್ನಷ್ಟೇ ದಣಿದಿದ್ದಳು. ಮಾತಾಡುತ್ತಾಳೆ ಅಂದುಕೊಂಡೆ. ಕ್ಷಮಿಸು ಅನ್ನುವುದನ್ನು ನಾಲಿಗೆಯ ತುದಿಗೆ ತಂದುಕೊಂಡು ಕಾದೆ.

"ಅಕ್ಕಾ, ಕೈ ತಗಿ" ಅಂದಳು. "ಕಲ್ಲು ಇಡ್ತಾರ."